ಗೆಡ್ಡೆಯಲ್ಲಿ ಕೆತ್ತಿದ ಗುಮ್ಮಟ

ಫ್ಲಾರೆನ್ಸಿನ ದೊಡ್ಡ ಚರ್ಚಿಗೆ ಗುಮ್ಮಟ ಕಟ್ಟುತ್ತಿದ್ದ ಗಾರೆಯವರಿಗೆ ಚಳಿಗಾಲದಲ್ಲಿ ಒಮ್ಮೊಮ್ಮೆ ನಕ್ಷೆ ಸಿಗುತ್ತಿದ್ದುದು ಕಾಗದದ ಮೇಲಲ್ಲ, ಟರ್ನಿಪ್ ಗೆಡ್ಡೆಯ ಮೇಲೆ. ಕಲ್ಲಿನ ಮೂಲೆ ಹೇಗೆ ಕೂರಬೇಕು, ಕಬ್ಬಿಣದ ಕೊಂಡಿ ಎಲ್ಲಿ ಕಚ್ಚಬೇಕು ಎಂದು ತಿಳಿಯದೆ ಯಾರಾದರೂ ತಲೆ ಕೆರೆದುಕೊಂಡು ನಿಂತರೆ, ಮೇಸ್ತ್ರಿ ಫಿಲಿಪ್ಪೊ ದಪ್ಪ ಗೆಡ್ಡೆಯೊಂದನ್ನು ತೆಗೆದುಕೊಂಡು ಕೆತ್ತಿ ತೋರಿಸುತ್ತಿದ್ದ. ಅವನ ಮುಪ್ಪಿನ ದಿನಗಳಲ್ಲಿ ಅವನನ್ನು ಕಂಡಿದ್ದು, ಆಮೇಲೆ ಅವನ ಜೀವನಚರಿತ್ರೆ ಬರೆದ ಆಂಟೋನಿಯೊ ಮಾನೆಟ್ಟಿ ಹೇಳುವ ಮಾತಿದು. ಕೆಲಸದವನು ನೋಡಿಕೊಂಡು ಅಟ್ಟಣಿಗೆ ಹತ್ತುತ್ತಾನೆ. ಗೆಡ್ಡೆ ಎರಡು ದಿನಕ್ಕೆ ಬಾಡಿ ಮುದುರುತ್ತದೆ. ಇಡೀ ಗುಮ್ಮಟ ಹೇಗೆ ನಿಲ್ಲುತ್ತದೆ ಎಂಬ ಲೆಕ್ಕ ಮಾತ್ರ ಒಬ್ಬನ ತಲೆಯೊಳಗೇ ಉಳಿಯುತ್ತದೆ. ಗುಟ್ಟು ಕಾಯಲು ಇದಕ್ಕಿಂತ ಒಳ್ಳೆಯ ಕಾಗದ ಇನ್ನೊಂದಿಲ್ಲ ಎಂದು ಅವನಿಗೂ ಹೊಳೆದಿದ್ದಿರಬೇಕು.

ನವೋದಯ ಕಾಲದ ಬಹುಮುಖ ಪ್ರತಿಭೆ ಎಂದೊಡನೆ ನಮ್ಮ ಬಾಯಿಗೆ ಬರುವ ಹೆಸರು ಲಿಯೊನಾರ್ಡೊ ಡ ವಿಂಚಿಯದು. ತಪ್ಪೇನಿಲ್ಲ. ಆದರೆ ಲಿಯೊನಾರ್ಡೊ ಹುಟ್ಟಿದ್ದು 1452ರಲ್ಲಿ. ಅದಕ್ಕೆ ಆರು ವರ್ಷ ಮೊದಲೇ ಫಿಲಿಪ್ಪೊ ಬ್ರುನೆಲೆಸ್ಕಿ ಕಣ್ಣು ಮುಚ್ಚಿದ್ದ. ಅಕ್ಕಸಾಲಿಗ, ಶಿಲ್ಪಿ, ಗಡಿಯಾರ ಮಾಡುವವ, ಚಿತ್ರಕ್ಕೆ ಆಳ ತಂದವ, ನಾಟಕದ ರಂಗಯಂತ್ರಗಳ ನಿರ್ಮಾಪಕ, ಹಡಗು ಕಟ್ಟಿಸಿ ಕೈ ಸುಟ್ಟುಕೊಂಡವ, ಕೊನೆಗೆ ವಾಸ್ತುಶಿಲ್ಪಿ. ಲಿಯೊನಾರ್ಡೊನ ಹಾರುವ ಯಂತ್ರ ಕಾಗದ ಬಿಟ್ಟು ಮೇಲೇಳಲಿಲ್ಲ. ಫಿಲಿಪ್ಪೊನ ಯಂತ್ರಗಳು ವರ್ಷಗಟ್ಟಲೆ ಕಲ್ಲು ಹೊತ್ತವು. ಒಬ್ಬನು ಬರೆದಿಟ್ಟ, ಮಾಡಿದ್ದು ಕಡಿಮೆ. ಇನ್ನೊಬ್ಬನು ಮಾಡಿದ, ಬರೆದಿಡಲೇ ಇಲ್ಲ. ನನ್ನ ಒಲವು ಎರಡನೆಯವನ ಕಡೆಗೆ ಎಂದು ಮೊದಲೇ ಹೇಳಿಬಿಡುತ್ತೇನೆ.

ಫಿಲಿಪ್ಪೊ ಹುಟ್ಟಿದ್ದು 1377ರಲ್ಲಿ. ತಂದೆ ನೋಟರಿ, ಅಂದರೆ ಪತ್ರ ಬರೆದು ಮುದ್ರೆ ಒತ್ತುವ ಗೌರವದ ಕಸುಬು. ಮಗನೂ ಅದನ್ನೇ ಹಿಡಿಯಲಿ ಎಂದು ತಂದೆಯ ಆಸೆ. ಹುಡುಗನ ಕೈ ಸುಮ್ಮನಿರುವ ಜಾತಿಯದಲ್ಲ ಎಂದು ತಿಳಿದ ಮೇಲೆ ಅಕ್ಕಸಾಲಿಗನ ಹತ್ತಿರ ಕೆಲಸಕ್ಕೆ ಬಿಟ್ಟ. ಆ ಕಾಲದ ಅಕ್ಕಸಾಲಿಗನೆಂದರೆ ಬರಿಯ ಒಡವೆ ಮಾಡುವವನಲ್ಲ. ಎರಕ, ಕೆತ್ತನೆ, ಬೆಸುಗೆ, ತೂಕದ ಲೆಕ್ಕ ಎಲ್ಲವೂ ಅವನಿಗೆ ಬರಬೇಕು. ಪಿಸ್ತೋಯದ ಚರ್ಚಿನ ಬೆಳ್ಳಿಯ ಪೀಠಕ್ಕೆ ಇಪ್ಪತ್ತರ ಹರೆಯದ ಫಿಲಿಪ್ಪೊ ಕೂರಿಸಿದ ಮೂರ್ತಿಗಳು ಈಗಲೂ ಇವೆ. ಗಡಿಯಾರದ ಹುಚ್ಚು ಹತ್ತಿದ್ದೂ ಆಗಲೇ. ಹಲ್ಲುಚಕ್ರ, ಸ್ಪ್ರಿಂಗು, ತೂಕದ ಗುಂಡು, ಇವುಗಳ ಜೊತೆ ಆಡಿದ ಆಟ ಇಪ್ಪತ್ತು ವರ್ಷದ ನಂತರ ಎತ್ತುಗಳ ಕೊರಳಿಗೆ ಬರಲಿತ್ತು.

1401ರಲ್ಲಿ ಮೊದಲ ಪೆಟ್ಟು. ಫ್ಲಾರೆನ್ಸಿನ ದೀಕ್ಷಾಸ್ನಾನದ ಮಂದಿರಕ್ಕೆ ಕಂಚಿನ ಬಾಗಿಲು ಮಾಡಿಸಬೇಕೆಂದು ಬಟ್ಟೆ ವ್ಯಾಪಾರಿಗಳ ಸಂಘ ಸ್ಪರ್ಧೆ ಕರೆಯಿತು. ಏಳು ಜನ ಕಣಕ್ಕಿಳಿದರು. ಎಲ್ಲರಿಗೂ ಒಂದೇ ವಿಷಯ: ದೇವರ ಆಜ್ಞೆಯಂತೆ ಅಬ್ರಹಾಮನು ಮಗ ಐಸಾಕನನ್ನು ಬಲಿಗೊಡಲು ಹೊರಟದ್ದು. ಕೊನೆಗೆ ಉಳಿದವರು ಇಬ್ಬರು, ಫಿಲಿಪ್ಪೊ ಮತ್ತು ಅವನಷ್ಟೇ ಎಳೆಯ ಲೊರೆಂಜೊ ಗಿಬರ್ಟಿ. ಅವರಿಬ್ಬರ ಫಲಕಗಳೂ ಫ್ಲಾರೆನ್ಸಿನ ಬಾರ್ಜೆಲ್ಲೊ ವಸ್ತುಸಂಗ್ರಹಾಲಯದಲ್ಲಿ ಅಕ್ಕಪಕ್ಕದಲ್ಲಿವೆ. ಫಿಲಿಪ್ಪೊನದರಲ್ಲಿ ತಂದೆಯ ಕೈ ಮಗನ ಕುತ್ತಿಗೆ ಹಿಸುಕುತ್ತಿದೆ, ಕತ್ತಿ ತಾಗಿಯೇಬಿಟ್ಟಿತು ಎನ್ನುವಷ್ಟರಲ್ಲಿ ದೇವದೂತ ಬಂದು ಮುಂಗೈ ಹಿಡಿದಿದ್ದಾನೆ. ನೋಡಿದರೆ ಮೈ ಜುಂ ಎನ್ನುತ್ತದೆ. ಗಿಬರ್ಟಿಯದು ನಯ, ಸೊಗಸು, ಮೈಮಾಟದ ಚೆಲುವು. ಇನ್ನೊಂದು ವ್ಯತ್ಯಾಸ ಹಿಂದೆ ತಿರುಗಿಸಿದರೆ ಕಾಣುವಂಥದು. ಫಿಲಿಪ್ಪೊ ಬಿಡಿಬಿಡಿ ಎರಕಗಳನ್ನು ಹಲಗೆಗೆ ಜೋಡಿಸಿದ್ದ. ಗಿಬರ್ಟಿ ಹೆಚ್ಚಿನದೆಲ್ಲವನ್ನೂ ಒಂದೇ ಎರಕದಲ್ಲಿ ಹೊಯ್ದಿದ್ದ, ಅದೂ ಟೊಳ್ಳಾಗಿ. ತೂಕದಲ್ಲಿ ಏಳು ಕಿಲೋದಷ್ಟು ಕಡಿಮೆ. ಬಾಗಿಲಿನ ತುಂಬ ಇಂಥ ಫಲಕಗಳು ಬೇಕಾದಾಗ ಕಂಚಿನ ಉಳಿತಾಯ ಎಷ್ಟಾದೀತು ಎಂದು ವ್ಯಾಪಾರಿಗಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಎಲ್ಲರೂ ಒಕ್ಕೊರಲಿನಿಂದ ನನ್ನನ್ನೇ ಆರಿಸಿದರು ಎಂದು ಗಿಬರ್ಟಿ ಬರೆದುಕೊಂಡಿದ್ದಾನೆ. ಇಬ್ಬರೂ ಸೇರಿ ಮಾಡಿ ಎಂದರು, ಫಿಲಿಪ್ಪೊ ಒಲ್ಲೆನೆಂದು ಎದ್ದುಹೋದ ಎಂದು ಮಾನೆಟ್ಟಿ ಬರೆಯುತ್ತಾನೆ. ಯಾರ ಮಾತು ನಿಜವಾದರೂ ಫಿಲಿಪ್ಪೊ ಆಮೇಲೆ ಶಿಲ್ಪದ ಉಳಿಯನ್ನು ಹೆಚ್ಚುಕಡಿಮೆ ಕೆಳಗಿಟ್ಟ. ಗೆಳೆಯ ಡೊನಾಟೆಲ್ಲೊ ಜೊತೆ ರೋಮಿಗೆ ಹೋಗಿ ಹಾಳುಬಿದ್ದ ಗುಡಿ, ಸ್ನಾನಗೃಹ, ಕಮಾನುಗಳ ಬುಡ ಅಗೆದು ಅಳತೆ ಹಿಡಿಯುತ್ತಿದ್ದನಂತೆ. ನಿಧಿ ಹುಡುಕುವ ಕಳ್ಳರಿರಬೇಕು ಎಂದು ರೋಮಿನ ಜನ ಆಡಿಕೊಂಡರಂತೆ.

ಇವನ ಕೀಟಲೆಯ ಬುದ್ಧಿ ತಿಳಿಯದೆ ಇವನ ಶೋಧಗಳೂ ಪೂರ್ತಿ ತಿಳಿಯುವುದಿಲ್ಲ. 1409ರ ಸುಮಾರಿಗೆ ನಡೆದದ್ದೆಂದು ಹೇಳುವ ಕತೆ. ಗೆಳೆಯರ ಊಟಕ್ಕೆ ಮಾನೆಟ್ಟೊ ಎಂಬ ಬಡಗಿ ಬರಲಿಲ್ಲ. ಮೈ ತುಂಬಿಕೊಂಡಿದ್ದರಿಂದ ಎಲ್ಲರ ಬಾಯಲ್ಲಿ ಅವನು ದಡಿಯ. ಇವನಿಗೆ ಬುದ್ಧಿ ಕಲಿಸಬೇಕೆಂದು ಫಿಲಿಪ್ಪೊ ಹೂಡಿದ ಆಟ ಸಾಮಾನ್ಯದ್ದಲ್ಲ. ದಡಿಯ ಮನೆಗೆ ಬಂದು ಬಾಗಿಲು ತಟ್ಟಿದರೆ ಒಳಗಿನಿಂದ ಅವನದೇ ದನಿ: ಹೋಗಯ್ಯ ಮತ್ತೆಯೊ, ಆಮೇಲೆ ಬಾ! ದನಿ ಫಿಲಿಪ್ಪೊನದು. ಬೀದಿಗೆ ಬಂದರೆ ಎದುರಾದವರೆಲ್ಲ ಇವನನ್ನು ಮತ್ತೆಯೊ ಎಂದೇ ಕರೆಯುತ್ತಾರೆ. ಮತ್ತೆಯೊ ಮಾಡಿದ ಸಾಲಕ್ಕೆ ಇವನನ್ನು ಹಿಡಿದು ಸೆರೆಗೆ ಹಾಕುತ್ತಾರೆ. ಮತ್ತೆಯೊನ ಅಣ್ಣತಮ್ಮಂದಿರು ಬಂದು, ಏನಪ್ಪ ನಿನಗೆ ಬಂದ ಕೇಡು ಎಂದು ಬಿಡಿಸಿಕೊಂಡು ಹೋಗುತ್ತಾರೆ. ಕೊನೆಗೆ ಮತ್ತಿನ ಮದ್ದು ಕುಡಿಸಿ, ಅವನ ಮನೆಯಲ್ಲೇ ತಲೆಯ ದಿಕ್ಕಿಗೆ ಕಾಲು ಮಾಡಿ ಮಲಗಿಸಿ, ಉಳಿ ಬಾಚಿಗಳನ್ನೆಲ್ಲ ತಲೆಕೆಳಗು ಮಾಡಿಟ್ಟು ಬಂದರು. ಎದ್ದವನಿಗೆ ತಾನು ಯಾರೆಂಬುದೇ ಅನುಮಾನ. ಪಾಪ, ನಾಚಿಕೆಯಿಂದ ಊರು ಬಿಟ್ಟು ಹಂಗೇರಿಗೆ ಹೋದ. ಅಲ್ಲಿ ಚೆನ್ನಾಗಿಯೇ ಸಂಪಾದಿಸಿದ ಎಂಬುದು ಕತೆಯ ಸಮಾಧಾನ.

ಕಣ್ಣೆದುರು ಇರುವುದು ಯಾವುದು, ಇದೆ ಎಂದು ಅನ್ನಿಸುವುದು ಯಾವುದು ಎಂಬ ಇದೇ ಆಟವನ್ನು ಕೆಲವು ವರ್ಷಗಳ ನಂತರ ಒಂದು ಹಲಗೆಯ ಮೇಲೆ ಆಡಿದ. ಅರ್ಧ ಮೊಳದ ಚೌಕದ ಹಲಗೆ, ಈಗಿನ ಲೆಕ್ಕದಲ್ಲಿ 30 ಸೆಂಟಿಮೀಟರಿನ ಒಳಗೆ. ದೊಡ್ಡ ಚರ್ಚಿನ ಬಾಗಿಲಿನ ಒಳಗೆ ನಿಂತರೆ ಎದುರಿಗೆ ಕಾಣುವ ದೀಕ್ಷಾಸ್ನಾನದ ಮಂದಿರವನ್ನು ಅದರ ಮೇಲೆ ಚಿತ್ರಿಸಿದ. ಆಕಾಶದ ಜಾಗಕ್ಕೆ ಬಣ್ಣ ಹಾಕಲಿಲ್ಲ, ಉಜ್ಜಿ ಹೊಳಪು ಕೊಟ್ಟ ಬೆಳ್ಳಿ ಹಚ್ಚಿದ. ಹಲಗೆಗೆ ಒಂದು ತೂತು: ಚಿತ್ರದ ಕಡೆ ಬೇಳೆಕಾಳಿನಷ್ಟು, ಬೆನ್ನ ಕಡೆ ಚಿನ್ನದ ನಾಣ್ಯದಷ್ಟು ಅಗಲ. ನೋಡುವವನು ಹಲಗೆಯ ಬೆನ್ನಿಗೆ ಕಣ್ಣಿಟ್ಟು, ಇನ್ನೊಂದು ಕೈಯಲ್ಲಿ ಕನ್ನಡಿ ಎತ್ತಿ ಹಿಡಿಯಬೇಕು. ತೂತಿನಿಂದ ಕಾಣುವುದು ಕನ್ನಡಿಯಲ್ಲಿ ಬಿದ್ದ ಚಿತ್ರ. ಕನ್ನಡಿ ಕೆಳಗಿಳಿಸಿದರೆ ಅದೇ ತೂತಿನಿಂದ ನಿಜದ ಮಂದಿರ. ಎತ್ತಿದರೆ ಚಿತ್ರ, ಇಳಿಸಿದರೆ ನಿಜ, ಎರಡಕ್ಕೂ ಗೆರೆಯಷ್ಟು ಅಂತರವಿಲ್ಲ. ಬೆಳ್ಳಿಯ ಆಕಾಶದಲ್ಲಿ ಆ ಹೊತ್ತಿನ ನಿಜವಾದ ಮೋಡಗಳು ಗಾಳಿಗೆ ತೇಲುತ್ತಿದ್ದವು. ಆ ಹಲಗೆಯನ್ನು ಕೈಯಾರೆ ಹಿಡಿದು ನೋಡಿದ್ದೇನೆ ಎನ್ನುತ್ತಾನೆ ಮಾನೆಟ್ಟಿ.

ದೂರ ಹೋದಷ್ಟೂ ಗೆರೆಗಳು ಒಂದೇ ಬಿಂದುವಿಗೆ ಓಡುತ್ತವೆ ಎಂಬ ಲೆಕ್ಕದ ಮೇಲೆ ನಿಂತ ಚಿತ್ರಕಲೆ ಯುರೋಪಿನಲ್ಲಿ ಕಣ್ಣು ಬಿಟ್ಟದ್ದು ಇಲ್ಲಿ. ನಾವು ಪರ್ಸ್‌ಪೆಕ್ಟಿವ್ ಎಂದು ಶಾಲೆಯ ಡ್ರಾಯಿಂಗ್ ತರಗತಿಯಲ್ಲಿ ಕಲಿತದ್ದು ಇದನ್ನೇ. ಆದರೆ ಫಿಲಿಪ್ಪೊ ಅದರ ಸೂತ್ರವನ್ನು ಬರೆದಿಡಲಿಲ್ಲ. ಬರೆದವನು ಆಲ್ಬೆರ್ಟಿ, ಚಿತ್ರಕಲೆಯ ಬಗೆಗಿನ ತನ್ನ ಪುಸ್ತಕದಲ್ಲಿ. ಅದರ ಇಟಾಲಿಯನ್ ಪ್ರತಿಯನ್ನು 1436ರಲ್ಲಿ ಫಿಲಿಪ್ಪೊನಿಗೇ ಅರ್ಪಿಸಿದ. ಹಲಗೆ ಕಳೆದುಹೋಯಿತು.

ಇನ್ನು ಆ ಚರ್ಚಿನ ಮಾತು. ಸಾಂತಾ ಮರಿಯಾ ದೆಲ್ ಫಿಯೋರೆ ಕಟ್ಟಲು ತೊಡಗಿದ್ದು 1296ರಲ್ಲಿ. ಮಧ್ಯೆ ಪ್ಲೇಗು ಬಂತು, ಯುದ್ಧ ಬಂತು, ಕೆಲಸ ನಿಂತು ಮತ್ತೆ ನಡೆಯಿತು. 1367ರಲ್ಲಿ ಒಂದು ಮಾದರಿಯನ್ನು ಒಪ್ಪಿ, ಇದನ್ನು ಮೀರಿ ಯಾರೂ ಕಟ್ಟಕೂಡದು ಎಂದು ಗೊತ್ತು ಮಾಡಿದರು. ಕೆಲಸದ ಹೊಣೆ ಹೊತ್ತವರು ಆ ಮಾದರಿಗೆ ತಪ್ಪುವುದಿಲ್ಲವೆಂದು ವರ್ಷ ವರ್ಷ ಪ್ರಮಾಣ ಮಾಡಬೇಕಿತ್ತು. ಮಾದರಿಯಲ್ಲಿದ್ದದ್ದು ಎಂಟು ಮೂಲೆಯ ಗುಮ್ಮಟ, ಎದುರುಬದುರು ಗೋಡೆಗಳ ನಡುವೆ 42 ಮೀಟರಿಗೂ ಹೆಚ್ಚು. ಅದು ಕೂರಬೇಕಾದ ಗೋಡೆಯೇ ನೆಲದಿಂದ 50 ಮೀಟರಿಗೂ ಎತ್ತರ. ಉತ್ತರದ ದೇಶಗಳ ಚರ್ಚುಗಳಿಗೆ ಹೊರಗಿನಿಂದ ಆನಿಕೆ ಕೊಡುವ ಕಲ್ಲಿನ ತೋಳುಗಳಿವೆಯಲ್ಲ, ಅವು ಬೇಡವೇ ಬೇಡ ಎಂದು ಊರವರ ಹಟ. ಹೇಗೆ ಕಟ್ಟುವುದು ಎಂದರೆ ಯಾರಿಗೂ ಗೊತ್ತಿಲ್ಲ. ಮುಂದೆ ಯಾರಾದರೂ ಬುದ್ಧಿವಂತ ಹುಟ್ಟಿಯಾನು ಎಂಬ ಧೈರ್ಯದ ಮೇಲೆ ಎರಡು ತಲೆಮಾರು ಗೋಡೆ ಏರಿಸುತ್ತಲೇ ಹೋದರು. ಇಂಥ ಧೈರ್ಯಕ್ಕೆ ಭಂಡ ಧೈರ್ಯ ಎಂದು ನಾವು ಕರೆಯುತ್ತೇವೆ.

ತೊಡಕು ಇಷ್ಟೆ. ಕಮಾನು ಕಟ್ಟುವಾಗ ನಡುಗಲ್ಲು ಬೀಳುವ ತನಕ ಅದನ್ನು ಹೊತ್ತುಕೊಳ್ಳಲು ಕೆಳಗೆ ಮರದ ಸೆಂಟ್ರಿಂಗ್ ಬೇಕು. ನಮ್ಮ ಮನೆಯ ತಾರಸಿಗೆ ನಾಲ್ಕು ದಿನ ಸರ್ವೆ ಮರದ ಕಂಬ ಕೊಟ್ಟಂತೆ ಇಲ್ಲಿ ಕೊಡಲಾಗದು. ಅಷ್ಟು ಎತ್ತರಕ್ಕೆ, ಅಷ್ಟು ಅಗಲಕ್ಕೆ ಕಾಡಿಗೆ ಕಾಡನ್ನೇ ಕಡಿದು ತರಬೇಕು; ತಂದರೂ ಆ ಮರ ತನ್ನ ಭಾರಕ್ಕೆ ತಾನೇ ಬಾಗುತ್ತದೆ. 1418ರ ಆಗಸ್ಟ್ 19ರಂದು ಡಂಗುರವಾಯಿತು: ಉಪಾಯ ತಂದವರಿಗೆ 200 ಚಿನ್ನದ ಫ್ಲೋರಿನ್. ಬಂದ ಉಪಾಯಗಳಲ್ಲಿ ಒಂದನ್ನು, ಮುಂದಿನ ಶತಮಾನದಲ್ಲಿ ಕಲಾವಿದರ ಚರಿತ್ರೆ ಬರೆದ ವಸಾರಿ ಹೇಳುತ್ತಾನೆ, ನಗು ಬರುತ್ತದೆ. ಚರ್ಚಿನೊಳಗೆ ಬೆಟ್ಟದಂತೆ ಮಣ್ಣು ತುಂಬಿ ಅದರ ಮೇಲೆ ಗುಮ್ಮಟ ಕಟ್ಟುವುದು. ಮಣ್ಣಿಗೆ ಚಿಲ್ಲರೆ ಕಾಸು ಬೆರೆಸಿಟ್ಟರೆ ಕೆಲಸ ಮುಗಿದ ಮೇಲೆ ಜನರೇ ಕಾಸಿನ ಆಸೆಗೆ ಮಣ್ಣು ಹೊತ್ತುಕೊಂಡು ಹೋಗುತ್ತಾರೆ!

ಸೆಂಟ್ರಿಂಗೇ ಬೇಡ ಎಂದ ಫಿಲಿಪ್ಪೊ. ಹೇಗೆ ಎಂದು ಕೇಳಿದರೆ ಬಾಯಿ ಬಿಡಲಿಲ್ಲ. ಒಂದು ಸಭೆಯಲ್ಲಿ ಇವನ ವಾದ ತಾಳಲಾರದೆ, ಹುಚ್ಚನೆಂದು ಜವಾನರಿಂದ ಎತ್ತಿಸಿ ಹೊರಹಾಕಿಸಿದರಂತೆ. ಆಮೇಲೆ ಕೆಲವು ದಿನ ಬೀದಿಯಲ್ಲಿ ತಲೆಯೆತ್ತಿ ನಡೆಯಲು ನಾಚಿಕೆಯಾಗಿತ್ತು ಎಂದು ಅವನೇ ಮುಪ್ಪಿನಲ್ಲಿ ಹೇಳಿಕೊಂಡಿದ್ದ. ಇಟ್ಟಿಗೆಯ ಮಾದರಿಯೊಂದನ್ನು ಸೆಂಟ್ರಿಂಗ್ ಇಲ್ಲದೆಯೇ ಕಟ್ಟಿ ತೋರಿಸಿದ ಮೇಲೆ ಅರೆಮನಸ್ಸಿನಿಂದ ಒಪ್ಪಿದರು. ಒಪ್ಪಿದರೂ ಒಂಟಿಯಾಗಿ ಬಿಡಲಿಲ್ಲ. 1420ರಲ್ಲಿ ಅವನ ಜೊತೆಗೆ ಸಮಾನ ಅಧಿಕಾರ, ಸಮಾನ ಸಂಬಳ ಕೊಟ್ಟು ಇನ್ನೊಬ್ಬನನ್ನು ಕೂರಿಸಿದರು. ಯಾರನ್ನು? ಅದೇ ಗಿಬರ್ಟಿಯನ್ನು. ವರ್ಷಕ್ಕೆ ಇಬ್ಬರಿಗೂ 36 ಫ್ಲೋರಿನ್.

1420ರ ಆಗಸ್ಟ್ 7ರ ಬೆಳಿಗ್ಗೆ ಕೆಲಸದವರಿಗೆಲ್ಲ ಮೇಲೆಯೇ ಬ್ರೆಡ್ಡು, ಕರಬೂಜ, ವೈನು ಹಂಚಿ ಗುಮ್ಮಟದ ಕೆಲಸ ಶುರುವಾಯಿತು.

ಮೊದಲ ತೊಂದರೆ ಕಲ್ಲು ಮೇಲೇರಿಸುವುದು. ಅದುವರೆಗೆ ಮನುಷ್ಯರು ಒಳಗೆ ನಿಂತು ತುಳಿಯುವ ದೊಡ್ಡ ಚಕ್ರಗಳಿದ್ದವು. ಈ ಎತ್ತರಕ್ಕೆ, ಈ ಭಾರಕ್ಕೆ ಅವು ಸಾಲವು. ಫಿಲಿಪ್ಪೊ ಎತ್ತುಗಳನ್ನು ಕಟ್ಟಿದ. ನಮ್ಮ ಗಾಣದಲ್ಲಿ ತಿರುಗುವ ಹಾಗೆ ಅವು ಒಂದು ನೆಟ್ಟನೆಯ ಕಂಬದ ಸುತ್ತ ತಿರುಗುತ್ತವೆ, ಕಂಬದ ತಿರುಗು ಹಲ್ಲುಚಕ್ರಗಳಿಂದ ಮಲಗಿದ ಉರುಳೆಗೆ ಹೋಗುತ್ತದೆ, ಉರುಳೆಗೆ ಹಗ್ಗ ಸುತ್ತಿ ಕಲ್ಲು ಏರುತ್ತದೆ. ಇಷ್ಟು ಯಾರಿಗಾದರೂ ಹೊಳೆದೀತು. ಇಳಿಸುವುದು ಹೇಗೆ? ಕಪಿಲೆ ಬಾವಿಯಲ್ಲಿ ಎತ್ತು ಮುಂದೆ ನಡೆದರೆ ಬಾನಿ ಮೇಲೆ, ಹಿಂದೆ ನಡೆದರೆ ಕೆಳಗೆ. ಗಾಣದಂತೆ ಸುತ್ತುವ ಎತ್ತನ್ನು ಹಿಮ್ಮುಖ ತಿರುಗಿಸಬೇಕೆಂದರೆ ಪ್ರತಿಸಲ ನೊಗ ಬಿಚ್ಚಬೇಕು, ತಿರುಗಿಸಬೇಕು, ಮತ್ತೆ ಕಟ್ಟಬೇಕು. ದಿನಕ್ಕೆ ಹತ್ತಾರು ಹೊರೆ ಏರಿ ಇಳಿಯುವಲ್ಲಿ ಇದು ಆಗದ ಮಾತು.

ಫಿಲಿಪ್ಪೊ ಆ ಕಂಬಕ್ಕೆ ಒಂದಲ್ಲ, ಎರಡು ಹಲ್ಲುಚಕ್ರ ಹಾಕಿದ, ಮೇಲೊಂದು, ಕೆಳಗೊಂದು. ಉರುಳೆಯ ಚಕ್ರ ಅವೆರಡರ ನಡುವೆ. ಮೇಲಿನದು ಕಚ್ಚಿಕೊಂಡರೆ ಉರುಳೆ ಈ ಕಡೆ ಸುತ್ತುತ್ತದೆ, ಕೆಳಗಿನದು ಕಚ್ಚಿಕೊಂಡರೆ ಆ ಕಡೆ. ಕಂಬದ ಬುಡಕ್ಕೆ ಒಂದು ದೊಡ್ಡ ತಿರುಪು. ತಿರುಪನ್ನು ಸುತ್ತಿದರೆ ಕಂಬವೇ ತುಸು ಏಳುತ್ತದೆ ಇಲ್ಲವೆ ಇಳಿಯುತ್ತದೆ, ಒಂದು ಚಕ್ರ ಬಿಟ್ಟು ಇನ್ನೊಂದು ಕಚ್ಚುತ್ತದೆ. ಎತ್ತುಗಳಿಗೆ ಇದರ ಪರಿವೆಯೇ ಇಲ್ಲ. ಅವು ತಮ್ಮ ಪಾಡಿಗೆ ಒಂದೇ ದಿಕ್ಕಿಗೆ ನಡೆಯುತ್ತಿರುತ್ತವೆ. ಮೇಲೆ ಕಲ್ಲು ಏರುತ್ತದೆ, ಖಾಲಿ ಬುಟ್ಟಿ ಇಳಿಯುತ್ತದೆ. ಕಾರಿನ ರಿವರ್ಸ್ ಗೇರು ಹಾಕುವಾಗ ಎಂಜಿನ್ನು ದಿಕ್ಕು ಬದಲಿಸುವುದಿಲ್ಲವಲ್ಲ, ಅದೇ ಉಪಾಯ, ಆರು ಶತಮಾನಗಳ ಹಿಂದೆ. ಉರುಳೆಗಳಲ್ಲೂ ಬೇರೆ ಬೇರೆ ಸುತ್ತಳತೆ: ಭಾರದ ಕಲ್ಲಿಗೆ ಸಣ್ಣದು, ನಿಧಾನ, ಹಗುರದ ಗಾರೆಗೆ ದೊಡ್ಡದು, ಬೇಗ. ಹುಡುಗನಾಗಿದ್ದಾಗ ಗಡಿಯಾರ ಬಿಚ್ಚಿ ಜೋಡಿಸಿದ್ದು ದಂಡವಾಗಲಿಲ್ಲ.

ಗುಮ್ಮಟ ಒಂದಲ್ಲ, ಎರಡು; ಒಂದರೊಳಗೊಂದು. ಒಳಗಿನದು ದಪ್ಪ, ಸುಮಾರು ಎರಡು ಮೀಟರ್. ಹೊರಗಿನದು ತೆಳು. ನಡುವೆ ಮನುಷ್ಯ ನಡೆಯುವಷ್ಟು ಜಾಗ, ಮೆಟ್ಟಿಲು. ಈಗ ಪ್ರವಾಸಿಗರು 463 ಮೆಟ್ಟಿಲು ಹತ್ತಿ ಬೆವರು ಒರೆಸಿಕೊಳ್ಳುವುದು ಇದೇ ಸಂದಿಯಲ್ಲಿ. ಪಟ್ಟಿ ಬಿಗಿಯದ ಪೀಪಾಯಿ ಬಿಚ್ಚಿಕೊಳ್ಳುವಂತೆ ಗುಮ್ಮಟದ ಬುಡ ಹೊರಕ್ಕೆ ಒದೆಯುತ್ತದೆ. ಅದಕ್ಕೆ ಗೋಡೆಯೊಳಗೇ ಕಲ್ಲಿನ ತೊಲೆಗಳನ್ನು ಕಬ್ಬಿಣದ ಕೊಂಡಿಗಳಿಂದ ಜೋಡಿಸಿ ನಾಲ್ಕು ಸುತ್ತು ಸರಪಳಿ ಹಾಕಿದ, ಚೆಸ್ಟ್‌ನಟ್ ಮರದ್ದು ಇನ್ನೊಂದು ಸುತ್ತು. ಮೇಲೆ ಹೋದಂತೆ ಇಟ್ಟಿಗೆಯ ಸಾಲು ಒಳಕ್ಕೆ ವಾಲುತ್ತದೆ. ಹಸಿ ಗಾರೆಯ ಮೇಲೆ ಇಟ್ಟಿಗೆ ಜಾರಿ ಬೀಳದೆ ಇರುವುದು ಹೇಗೆ? ಮಲಗಿಸಿದ ಇಟ್ಟಿಗೆಗಳ ನಡುನಡುವೆ ಒಂದೊಂದನ್ನು ನಿಲ್ಲಿಸಿ ಕಟ್ಟಿಸಿದ. ನಿಂತ ಇಟ್ಟಿಗೆ ಕೆಳಗಿನ ಗಟ್ಟಿಯಾದ ಸಾಲಿಗೆ ಬೇರು ಬಿಟ್ಟು, ಮಲಗಿದವನ್ನು ಅಕ್ಕಪಕ್ಕದಲ್ಲಿ ಒತ್ತಿ ಹಿಡಿಯುತ್ತದೆ. ಸುತ್ತು ಪೂರ್ತಿಯಾದರೆ ತನಗೆ ತಾನೇ ಬೀಗ. ಎರಡು ಗುಮ್ಮಟಗಳ ನಡುವಿನ ಸಂದಿಯಲ್ಲಿ ನಿಂತು ನೋಡಿದರೆ ಮೀನಿನ ಮುಳ್ಳಿನಂಥ ಹೆಣಿಗೆ ಸುರುಳಿಯಾಗಿ ಮೇಲೇರುತ್ತದೆ. ಇಟ್ಟಿಗೆ ಗೂಡಿಗೆ ಹೋಗಿ ಸುಟ್ಟಿದ್ದು ಹದವಾಗಿದೆಯೆ ನೋಡುವುದು, ಮರಳು ಸುಣ್ಣ ಕೈಯಲ್ಲಿ ಉಜ್ಜಿ ನೋಡುವುದು, ಎಲ್ಲ ಅವನದೇ. ಇಷ್ಟಾದರೂ ಎಂಟು ಮೂಲೆಯ ಗುಮ್ಮಟದಲ್ಲಿ ಈ ಸಾಲುಗಳ ಗೆರೆಯನ್ನು ಗಾರೆಯವರಿಗೆ ಯಾವ ದಾರ, ಯಾವ ಅಳತೆಗೋಲಿನಿಂದ ತೋರಿಸಿಕೊಟ್ಟ ಎಂಬುದರ ಬಗ್ಗೆ ಎಂಜಿನಿಯರುಗಳ ಜಗಳ ಇಂದಿಗೂ ಮುಗಿದಿಲ್ಲ.

ಗಿಬರ್ಟಿಯನ್ನು ತೊಲಗಿಸಿದ ಬಗೆಯನ್ನು ಫ್ಲಾರೆನ್ಸಿನವರು ಬಾಯಿ ಚಪ್ಪರಿಸಿ ಹೇಳುತ್ತಿದ್ದರು. ಸರಪಳಿ ಕೂರಿಸುವ ಹೊತ್ತಿಗೆ ಸರಿಯಾಗಿ ಫಿಲಿಪ್ಪೊಗೆ ಪಕ್ಕೆ ನೋವು. ತಲೆಗೆ ಬಟ್ಟೆ ಸುತ್ತಿ ಮಲಗಿಬಿಟ್ಟ. ಏನು ಮಾಡಬೇಕು ಎಂದು ಕೇಳಿ ಬಂದವರಿಗೆ, ಲೊರೆಂಜೊ ಇದ್ದಾನಲ್ಲ, ಅವನನ್ನು ಕೇಳಿ. ಲೊರೆಂಜೊಗೆ ಗೊತ್ತಿದ್ದರೆ ತಾನೆ? ಕೆಲಸ ನಿಂತಿತು. ಫಿಲಿಪ್ಪೊನಿಗೆ ನೋವು ವಾಸಿಯಾಯಿತು. 1426ರ ಹೊತ್ತಿಗೆ ಅವನ ಸಂಬಳ 100 ಫ್ಲೋರಿನ್ ಆಗಿತ್ತು, ಗಿಬರ್ಟಿಯದು ಇದ್ದಲ್ಲೇ ಇತ್ತು. ಗಿಬರ್ಟಿಗೆ ಅನ್ಯಾಯವಾಯಿತು ಎಂದು ಯಾರೂ ಮರುಗಬೇಕಿಲ್ಲ. ಕಂಚಿನ ಬಾಗಿಲುಗಳಲ್ಲಿ ಅವನು ತನ್ನ ಹೆಸರನ್ನು ಗಟ್ಟಿ ಮಾಡಿಕೊಂಡಿದ್ದ.

ಮೇಸ್ತ್ರಿಯಾಗಿ ಫಿಲಿಪ್ಪೊ ಸುಲಭದ ಮನುಷ್ಯನಲ್ಲ. ಕೂಲಿ ಹೆಚ್ಚಿಸಿ ಎಂದು ಗಾರೆಯವರು ಕೆಲಸ ನಿಲ್ಲಿಸಿದಾಗ ಲೊಂಬಾರ್ದಿಯಿಂದ ಬೇರೆ ಆಳು ಕರೆಸಿ ಕೆಲಸ ಕಲಿಸಿದ, ಹಳಬರು ಬೇಡಿಕೊಂಡು ಬಂದಾಗ ಮೊದಲಿಗಿಂತ ಕಡಿಮೆ ಕೂಲಿಗೆ ಸೇರಿಸಿಕೊಂಡ. ಮಧ್ಯಾಹ್ನ ಊಟಕ್ಕೆಂದು ಇಳಿದು ಹತ್ತುವುದರಲ್ಲಿ ಹೊತ್ತು ಹಾಳಾಗುತ್ತದೆಂದು ಮೇಲೆಯೇ ಅಡುಗೆ, ವೈನು ಮಾರುವ ಏರ್ಪಾಡು ಮಾಡಿಸಿದ. ಆ ವೈನಿಗೆ ನೀರು ಬೆರೆಸಿರಬೇಕೆಂಬ ಕಟ್ಟಳೆಯೂ ಇತ್ತು. ಅಷ್ಟು ಎತ್ತರದಲ್ಲಿ ನಿಂತವನ ಕಾಲು ತಡವರಿಸಿದರೆ ನೆಲ ಬಹಳ ದೂರ.

ಯಂತ್ರದ ವಿಷಯದಲ್ಲಿ ಅವನಿಗೆ ಯಾರ ಮೇಲೂ ನಂಬಿಕೆಯಿರಲಿಲ್ಲ. ಸಿಯೆನಾದಿಂದ ಬಂದ ತಾಕ್ಕೊಲ ಎಂಬ ಯಂತ್ರಜ್ಞನಿಗೆ ಅವನು ಹೇಳಿದ ಬುದ್ಧಿಮಾತು, ತಾಕ್ಕೊಲನ ಕಾಗದಗಳಲ್ಲಿ ಉಳಿದುಕೊಂಡಿದೆ: ಹೊಸದನ್ನು ಕಂಡುಹಿಡಿದರೆ ಕಂಡಕಂಡವರಿಗೆ ಹೇಳಬೇಡ, ಮೊದಲು ನಗುತ್ತಾರೆ, ಆಮೇಲೆ ತಮ್ಮದೆನ್ನುತ್ತಾರೆ. ಇಂಥವನು 1421ರ ಜೂನ್ 19ರಂದು ಫ್ಲಾರೆನ್ಸ್ ಸರ್ಕಾರದಿಂದ ಒಂದು ಪತ್ರ ಬರೆಸಿಕೊಂಡ. ಆರ್ನೊ ನದಿಯಲ್ಲಿ ಭಾರದ ಸರಕು ಸಾಗಿಸಲು ಹೊಸ ಬಗೆಯ ಹಡಗು ಕಂಡುಹಿಡಿದಿದ್ದೇನೆ, ಮೂರು ವರ್ಷ ಬೇರೆ ಯಾರೂ ಅಂಥದನ್ನು ಮಾಡಕೂಡದು. ಮಾಡಿದರೆ ಸುಟ್ಟುಹಾಕಬೇಕು. ಜಗತ್ತಿನ ಮೊದಲ ಪೇಟೆಂಟುಗಳಲ್ಲೊಂದೆಂದು ಈಗ ವಕೀಲರು ಇದನ್ನು ಎತ್ತಿ ತೋರಿಸುತ್ತಾರೆ. ಹಡಗಿಗೆ ಊರವರು ಇಟ್ಟ ಅಡ್ಡಹೆಸರು ಬದಲೋನೆ, ಅಂದರೆ ಭಾರೀ ಗಾತ್ರದ ಪ್ರಾಣಿ. 1428ರಲ್ಲಿ ಗುಮ್ಮಟಕ್ಕೆಂದು ಸುಮಾರು 100 ಟನ್ ಬಿಳಿ ಅಮೃತಶಿಲೆ ಹೇರಿಕೊಂಡು ಪೀಸಾದಿಂದ ಹೊರಟ ಬದಲೋನೆ ಎಂಪೊಲಿಯ ಹತ್ತಿರ ಮುಳುಗಿತು. ಕಲ್ಲೂ ಹೋಯಿತು, ಸ್ವಂತ ದುಡ್ಡೂ ಹೋಯಿತು. ಹಿಂದೆಯೇ ಹಡಗನ್ನು ಹೀಯಾಳಿಸಿ ಪದ್ಯ ಕಟ್ಟಿದ್ದ ಒಬ್ಬ ಕವಿಗೆ ಫಿಲಿಪ್ಪೊ ಪದ್ಯದಲ್ಲೇ ಉತ್ತರ ಕೊಟ್ಟಿದ್ದ. ಹೌದು, ಅದೂ ಬರುತ್ತಿತ್ತು ಇವನಿಗೆ. ನದಿ ಮಾತ್ರ ಯಾರ ಪದ್ಯಕ್ಕೂ ಕಿವಿಗೊಡಲಿಲ್ಲ.

ನೀರಿಗೂ ಅವನಿಗೂ ಕೂಡಿಬರಲಿಲ್ಲವೇನೋ. 1430ರಲ್ಲಿ ಲುಕ್ಕಾ ನಗರದ ಮೇಲೆ ಯುದ್ಧ ನಡೆದಾಗ, ಸೆರ್ಕಿಯೊ ನದಿಗೆ ಕಟ್ಟೆ ಹಾಕಿ ಲುಕ್ಕಾದ ಸುತ್ತ ನೀರು ನಿಲ್ಲಿಸೋಣ, ತಾವಾಗಿ ಶರಣಾಗುತ್ತಾರೆ ಎಂದ. ಕಟ್ಟೆ ಕಟ್ಟಿಯೂ ಕಟ್ಟಿದ. ಲುಕ್ಕಾದವರು ಒಂದು ರಾತ್ರಿ ಬಂದು ಒಡೆದರು. ನೀರು ನುಗ್ಗಿದ್ದು ಫ್ಲಾರೆನ್ಸಿನ ಪಾಳೆಯಕ್ಕೆ.

ಗೆದ್ದ ಯಂತ್ರಗಳೂ ಇದ್ದವು, ಗುಮ್ಮಟದಲ್ಲಿ ಮಾತ್ರವಲ್ಲ. ಸಾನ್ ಫೆಲಿಚೆ ಚರ್ಚಿನಲ್ಲಿ ದೇವದೂತನು ಮರಿಯಳಿಗೆ ಸುದ್ದಿ ತರುವ ನಾಟಕಕ್ಕೆ ಅವನು ಹೂಡಿದ ಸ್ವರ್ಗವನ್ನು ವಸಾರಿ ಬಾಯ್ತುಂಬ ಬಣ್ಣಿಸುತ್ತಾನೆ. ಮಾಡಿನ ಕೆಳಗೆ ಬೋರಲು ಹಾಕಿದ ಬಟ್ಟಲಿನಂಥ ಆಕಾಶ, ಅದರ ಅಂಚಿನಲ್ಲಿ ಸೊಂಟಕ್ಕೆ ಕಬ್ಬಿಣದ ಪಟ್ಟಿ ಬಿಗಿದು ನಿಲ್ಲಿಸಿದ ಹನ್ನೆರಡು ಮಕ್ಕಳು, ರೆಕ್ಕೆ ಕಟ್ಟಿದ ದೇವದೂತರು. ಒಂದು ಸನ್ನೆ ತಿರುಗಿಸಿದರೆ ದೀಪಗಳೆಲ್ಲ ಒಮ್ಮೆಗೇ ಕೊಳವೆಯೊಳಗೆ ಅಡಗಿ ಕತ್ತಲೆ, ಮತ್ತೆ ತಿರುಗಿಸಿದರೆ ಝಗ್ಗನೆ ಬೆಳಕು. ಇನ್ನು ಸಾನ್ ಲೊರೆಂಜೊ ಚರ್ಚು, ಸಾಂತೊ ಸ್ಪಿರಿತೊ, 1419ರಲ್ಲಿ ಶುರುವಾದ ಅನಾಥ ಶಿಶುಗಳ ಆಸ್ಪತ್ರೆಯ ತೆಳ್ಳನೆಯ ಕಂಬಗಳ ಕಮಾನಿನ ಸಾಲು, ಇವೊಂದೊಂದಕ್ಕೂ ಬೇರೆ ಲೇಖನವೇ ಬೇಕು. ಗುಮ್ಮಟದ ದೈತ್ಯ ಇಷ್ಟು ಹಗುರ ಕೈಯವನೆಂದು ಆ ಕಮಾನುಗಳ ಕೆಳಗೆ ನಿಂತರೆ ಮಾತ್ರ ನಂಬಿಕೆ ಬರುತ್ತದೆ.

1434ರಲ್ಲಿ, ಗುಮ್ಮಟ ಮುಗಿಯುತ್ತ ಬಂದಾಗ, ಕಲ್ಲು ಮರ ಕೆಲಸದವರ ಸಂಘ ಅವನನ್ನು ಜೈಲಿಗೆ ಹಾಕಿಸಿತು. ತಪ್ಪೇನೆಂದರೆ ಸಂಘದ ಚಂದಾ ಕಟ್ಟಿಲ್ಲ! ಅವನು ರೇಷ್ಮೆಯವರ ಸಂಘದ ಸದಸ್ಯ, ಅಕ್ಕಸಾಲಿಗರು ಅದರಲ್ಲೇ ಸೇರಿದವರು. ಗಾರೆಯವರ ಸಂಘಕ್ಕೆ ಇವನೇಕೆ ಕೊಡಬೇಕು? ಹನ್ನೊಂದು ದಿನ ಕೂತ. ಚರ್ಚಿನ ಆಡಳಿತದವರು ಸಿಟ್ಟಿಗೆದ್ದು ಆ ಸಂಘದ ಮುಖ್ಯಸ್ಥನನ್ನೇ ಹಿಡಿಸಿ ಒಳಗೆ ಹಾಕಿಸಿದ ಮೇಲೆ ಬಿಡುಗಡೆಯಾಯಿತು. ಅದೇ ವರ್ಷ ಸಾಕುಮಗ ಬುಜ್ಜಾನೊ ಹಣ, ಒಡವೆ ಎತ್ತಿಕೊಂಡು ನೇಪಲ್ಸ್‌ಗೆ ಓಡಿಹೋದ. ಮದುವೆಯಿಲ್ಲದ ಫಿಲಿಪ್ಪೊ ಐದು ವರ್ಷದ ಮಗುವನ್ನು ತಂದು ಸಾಕಿ ಕೆಲಸ ಕಲಿಸಿದ್ದ. ಪೋಪನೇ ಕಾಗದ ಬರೆದು ಹುಡುಗನನ್ನು ಹಿಂದಕ್ಕೆ ಕರೆಸಬೇಕಾಯಿತು. ಬಂದವನನ್ನು ಫಿಲಿಪ್ಪೊ ಮತ್ತೆ ಮನೆಗೆ ಸೇರಿಸಿಕೊಂಡ.

1436ರ ಮಾರ್ಚ್ 25ರಂದು ಪೋಪ್ ನಾಲ್ಕನೆಯ ಯೂಜೀನಿಯಸ್ ಚರ್ಚನ್ನು ಪ್ರತಿಷ್ಠಾಪಿಸಿದ. ಗುಮ್ಮಟ ಮುಚ್ಚಿದ್ದು ಆಗಸ್ಟಿನಲ್ಲಿ, ಶುರುವಾಗಿ ಹದಿನಾರು ವರ್ಷಕ್ಕೆ. ಮೇಲಿನ ಕಲ್ಲಿನ ದೀಪಗೂಡಿಗೆ ಮತ್ತೆ ಸ್ಪರ್ಧೆ ಇಟ್ಟರು, ಅಷ್ಟಾದ ಮೇಲೂ! ಗಿಬರ್ಟಿಯೂ ಮಾದರಿ ಕೊಟ್ಟ. ಫಿಲಿಪ್ಪೊ ಗೆದ್ದ. 1446ರ ಮಾರ್ಚಿನಲ್ಲಿ ದೀಪಗೂಡಿನ ಮೊದಲ ಕಲ್ಲು ಬಿತ್ತು; ಏಪ್ರಿಲ್ 15ರಂದು ಅವನು ತೀರಿಕೊಂಡ. ಮುಖಕ್ಕೆ ಅಚ್ಚು ತೆಗೆದು ಅಮೃತಶಿಲೆಯಲ್ಲಿ ಅವನ ಮೂರ್ತಿ ಕೆತ್ತಿದವನು ಓಡಿಹೋಗಿ ಬಂದಿದ್ದ ಆ ಬುಜ್ಜಾನೊ. ಚರ್ಚಿನೊಳಗೇ ಮಣ್ಣು ಮಾಡಿದರು. ಸಮಾಧಿ ಎಲ್ಲಿದೆಯೆಂದು ಜನ ಮರೆತೂಬಿಟ್ಟರು. 1972ರಲ್ಲಿ ನೆಲದ ಕೆಳಗಿನ ಹಳೆಯ ಚರ್ಚನ್ನು ಅಗೆಯುವಾಗ ಸಿಕ್ಕಿತು.

ಬರೆದಿಡದಿದ್ದರೆ ಗುಟ್ಟು ಉಳಿಯುತ್ತದೆ ಎಂದುಕೊಂಡಿದ್ದ. ಆದರೆ ಕೆಲಸ ಮಾಡುವ ಯಂತ್ರವನ್ನು ಎಲ್ಲಿ ಬಚ್ಚಿಡುವುದು? ಎತ್ತುಗಳು ಊರ ನಡುವೆ ವರ್ಷಗಟ್ಟಲೆ ತಿರುಗಿದವು. ನೋಡುವ ಕಣ್ಣಿದ್ದವರು ನೋಡಿಕೊಂಡರು. ಆ ಯಂತ್ರಗಳ ಚಿತ್ರ ಬರೆದಿಟ್ಟವರಲ್ಲಿ ಒಬ್ಬನ ಹೆಸರು ಬುವೊನಾಕೊರ್ಸೊ ಗಿಬರ್ಟಿ, ಲೊರೆಂಜೊ ಗಿಬರ್ಟಿಯ ಮೊಮ್ಮಗ. ಜೀವಮಾನವಿಡೀ ಯಾರಿಂದ ಮುಚ್ಚಿಟ್ಟನೋ ಅವನ ಮನೆಯ ಹುಡುಗನೇ ಕೊನೆಗೆ ದಾಖಲೆ ಮಾಡಿದ.

ಇನ್ನೊಬ್ಬನು ವೆರೊಕ್ಕಿಯೊ ಎಂಬ ಶಿಲ್ಪಿಯ ಕಾರ್ಖಾನೆಯಲ್ಲಿದ್ದ ಹರೆಯದ ಹುಡುಗ. ದೀಪಗೂಡಿನ ತುದಿಗೆ ಕಳಸದಂತೆ ಕೂರಿಸಬೇಕಾದ, ಚಿನ್ನದ ನೀರು ಹಾಯಿಸಿದ ತಾಮ್ರದ ದೊಡ್ಡ ಗುಂಡನ್ನು ಮಾಡುವ ಕೆಲಸ ವೆರೊಕ್ಕಿಯೊಗೆ ಬಂದಿತ್ತು. 1471ರ ಮೇ 27ರಂದು ಅದನ್ನು ಮೇಲೇರಿಸಿದರು. ಫಿಲಿಪ್ಪೊನ ಎತ್ತುವ ಯಂತ್ರಗಳು ಆಗಿನ್ನೂ ಅಲ್ಲಿದ್ದವು. ಹುಡುಗ ಅವುಗಳ ತಿರುಪು, ಹಲ್ಲುಚಕ್ರ, ಕೊಕ್ಕೆಗಳನ್ನೆಲ್ಲ ಗೀಚಿಕೊಂಡ. ಹುಡುಗನ ಹೆಸರು ಲಿಯೊನಾರ್ಡೊ. ಆ ಹಾಳೆಗಳನ್ನು ಕಂಡ ಮುಂದಿನ ಶತಮಾನಗಳವರು ಯಂತ್ರಗಳೂ ಲಿಯೊನಾರ್ಡೊನವೇ ಎಂದುಕೊಂಡರು. ಹಳೆಯ ಲೆಕ್ಕಪುಸ್ತಕ, ಬೇರೆಯವರ ಚಿತ್ರಗಳನ್ನು ಪಕ್ಕಕ್ಕಿಟ್ಟು ನೋಡಿ ಅವುಗಳ ಒಡೆಯ ಯಾರೆಂದು ಹೇಳಲು ಇಪ್ಪತ್ತನೆಯ ಶತಮಾನವೇ ಬರಬೇಕಾಯಿತು. ಲಿಯೊನಾರ್ಡೊ ಮಾತ್ರ ಮರೆತಿರಲಿಲ್ಲ. ಗಡ್ಡ ನೆರೆತ ಮೇಲೆ, ಬೇರೇನೋ ಲೆಕ್ಕ ಹಾಕುತ್ತಿದ್ದ ಪುಟದಲ್ಲಿ ತನಗೆ ತಾನೇ ಒಂದು ಸಾಲು ಬರೆದುಕೊಂಡಿದ್ದಾನೆ: ಆ ಚರ್ಚಿನ ಮೇಲಿನ ಗುಂಡಿಗೆ ಅಂದು ಬೆಸುಗೆ ಹಾಕಿದ ಬಗೆಯನ್ನು ನೆನಪಿನಲ್ಲಿಡಬೇಕು ಎಂದು.